ಮಿಂಚಿನ ದಾರಿ, ಮಣ್ಣಿನ ತನಕ

ಒಂದು ಊರಿನ ಚರಿತ್ರೆಯನ್ನು ಅಲ್ಲಿ ಯಾವ ಕಾಲಕ್ಕೆ ಯಾವುದು ಎತ್ತರವಾಗಿತ್ತು ಎಂಬುದರಿಂದಲೂ ಹೇಳಬಹುದು. ನಮ್ಮ ನೀಲಗುಂದದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯವಿದೆ. ಅದರ ಕಲ್ಲಿನ ಕುಸುರಿ ನೋಡಲು ದೂರದಿಂದ ಜನ ಬರುತ್ತಾರೆ. ಗುಡಿಯನ್ನು ಮೀರಿ ತೆಂಗು, ಹುಣಸೆ ಬೆಳೆದವು. ಆಮೇಲೆ ಕರೆಂಟಿನ ಕಂಬಗಳು ಬಂದವು. ಈಗ ಅವೆಲ್ಲವನ್ನೂ ಮೀರಿ ಕಬ್ಬಿಣದ ಟವರ್ ನಿಂತಿದೆ. ಅದರ ತುದಿಯ ಡಬ್ಬಿಗಳಿಂದ ತಂತಿಯ ಹಂಗಿಲ್ಲದೆ ಇಂಟರ್‌ನೆಟ್ ಬರುತ್ತದೆ. ಆದರೆ ಎತ್ತರ ನಿಂತವರಿಗೆ ಹಿಂದಿನಿಂದಲೂ ಒಂದು ಭಯ ತಪ್ಪಿಲ್ಲ. ಅದು ಸಿಡಿಲಿನ ಭಯ.

ಸಿಡಿಲಿಗೆ ದೇವರ ಮನೆ, ದೊರೆಯ ಮನೆ ಎಂಬ ಭೇದವಿಲ್ಲ. 1368ರಲ್ಲಿ ದೆಹಲಿಯ ಕುತುಬ್ ಮಿನಾರಿಗೆ ಸಿಡಿಲು ಬಡಿದು, ಫಿರೋಜ್ ಷಾ ತುಘಲಕ್ ಅದರ ತುದಿಯನ್ನು ಮತ್ತೆ ಕಟ್ಟಿಸಬೇಕಾಯಿತು. ನಮ್ಮ ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಿ. ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು, ಈಗ ಉಳಿದಿರುವುದು ಒಂದೇ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾಲೇ ಕುಸಿಯಿತು. ಮದ್ದಿಗೆ ಕಿಡಿ ತಗುಲಿದ್ದು ಸಿಡಿಲಿನಿಂದ ಎಂದು ಹೇಳುವವರಿದ್ದಾರೆ. ವಿದ್ಯೆಯ ಮನೆಯೊಂದು ಹೀಗೆ ಒಂದು ಕೈ ಕಳೆದುಕೊಂಡು ನಿಂತಿದೆ.

ಆಗೆಲ್ಲ ಜನ ಏನು ಮಾಡುತ್ತಿದ್ದರು? ನಮ್ಮ ಅಜ್ಜಿ ಗುಡುಗಿದೊಡನೆ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳುತ್ತಿದ್ದಳು, ಕುಡುಗೋಲನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ಯುರೋಪಿನವರು ಇಗರ್ಜಿಯ ಗಂಟೆ ಬಾರಿಸುತ್ತಿದ್ದರು. ಗಂಟೆಯ ಸದ್ದಿಗೆ ಸಿಡಿಲು ದೂರ ಸರಿಯುತ್ತದೆಂದು ಅವರ ನಂಬಿಕೆ. ಊರಿಗೆಲ್ಲ ಎತ್ತರದ ಗೋಪುರದಲ್ಲಿ, ಒದ್ದೆ ಹಗ್ಗ ಹಿಡಿದು ನಿಂತ ಆ ಬಡಪಾಯಿಗಳು ಎಷ್ಟೋ ಮಂದಿ ಸಿಡಿಲಿಗೇ ಬಲಿಯಾದರು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1753ರ ತನ್ನ ಪಂಚಾಂಗದಲ್ಲಿ ಉಪಾಯವೊಂದನ್ನು ಅಚ್ಚು ಹಾಕಿಸಿದ. ಮನೆಯ ನೆತ್ತಿಗಿಂತ ಆರೆಂಟು ಅಡಿ ಎತ್ತರಕ್ಕೆ ಕಬ್ಬಿಣದ ಸರಳು ನಿಲ್ಲಿಸಿ, ಅದರ ಕೆಳತುದಿಯನ್ನು ಮೂರು ನಾಲ್ಕು ಅಡಿ ತೇವದ ನೆಲದಲ್ಲಿ ಹೂಳಿ ಎಂಬುದೇ ಆ ಉಪಾಯ. ಎಲ್ಲರ ಕಣ್ಣೂ ಮೇಲಿನ ತುದಿಯ ಕಡೆ ಹೋಯಿತು. ಗುಟ್ಟು ಇದ್ದದ್ದು ‘ತೇವದ ನೆಲ’ ಎಂಬ ಮಾತಿನಲ್ಲಿ. ಸರಳು ಸಿಡಿಲನ್ನು ಓಡಿಸುವುದಿಲ್ಲ, ಅದಕ್ಕೆ ಮಣ್ಣಿನ ತನಕ ದಾರಿ ಮಾಡಿಕೊಡುತ್ತದೆ. ಅದೇ 1753ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ವಿಜ್ಞಾನಿ ಮಿಂಚನ್ನು ಅಳೆಯಲು ಚಾವಣಿಯಿಂದ ಕೋಣೆಯೊಳಕ್ಕೆ ಸರಳು ಇಳಿಸಿದ್ದ, ನೆಲಕ್ಕೆ ಮುಟ್ಟಿಸಿರಲಿಲ್ಲ. ಸಿಡಿಲು ದಾರಿ ಕಾಣದೆ ಅವನ ಮೇಲೆಯೇ ಎಗರಿ ಪ್ರಾಣ ತೆಗೆಯಿತು.

ನಮ್ಮ ನಾಡಿಗೆ ಉದ್ದುದ್ದದ ತಂತಿಗಳು ಬಂದ ಮೇಲೆ ಸಿಡಿಲಿಗೂ ಹೊಸ ದಾರಿಗಳಾದವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತೊಂಬತ್ತು ಮೈಲಿಗೂ ಮಿಗಿಲಾದ ವಿದ್ಯುತ್ ತಂತಿ ಎಳೆದರು. ಆಮೇಲೆ ಮನೆಮನೆಗೆ ರೇಡಿಯೋ ಬಂತು. ನನ್ನ ಬಾಲ್ಯದಲ್ಲಿ ರೇಡಿಯೋಗೆ ಎರಡು ತಂತಿ. ಒಂದು ಮಾಳಿಗೆಯ ಮೇಲಿನ ಏರಿಯಲ್ಲಿಗೆ, ಇನ್ನೊಂದು ಬಚ್ಚಲ ಹಿಂದಿನ ಮಣ್ಣಿಗೆ. ಬಚ್ಚಲ ನೀರು ಹರಿದು ಆ ಜಾಗ ಯಾವಾಗಲೂ ತಂಪು. ಮೋಡ ಕಟ್ಟಿದರೆ ಅಪ್ಪ ಏರಿಯಲ್ ತಂತಿಯನ್ನು ಪೆಟ್ಟಿಗೆಯಿಂದ ಬಿಚ್ಚಿಬಿಡುತ್ತಿದ್ದರು.

ನಮ್ಮ ತಾಲ್ಲೂಕು ಬಳ್ಳಾರಿಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆ ಎಷ್ಟು ಸಲ ಬದಲಾದರೂ ಭರಣಿ ಮಳೆಯ ಗುಡುಗು ಮಾತ್ರ ಬದಲಾಗಲಿಲ್ಲ. ಅಂಥದೊಂದು ಮಳೆಯ ಮರುದಿನ ಶಾಲೆಗೆ ಹೋದರೆ ಕಂಪ್ಯೂಟರ್ ಸತ್ತಿತ್ತು, ತಾರಸಿಯ ಮೇಲಿನ ಇಂಟರ್‌ನೆಟ್ ತಟ್ಟೆಯ ಡಬ್ಬಿಯೂ ಸುಟ್ಟಿತ್ತು. ನೋಡಲು ಬಂದ ಹುಡುಗ ಹೇಳಿದ: “ಟೀಚರ್ರೇ, ಸಿಡ್ಲು ಇದರ ಮ್ಯಾಲೆ ಬಿದ್ದಿಲ್ರಿ. ಹತ್ರ ಎಲ್ಲೋ ಬಿದ್ದೈತಿ, ಕೇಬಲ್ ಹಿಡ್ಕೊಂಡು ಒಳಗ ಬಂದೈತಿ.” ತಟ್ಟೆ ಕೂರಿಸಿದವರು ನೆಲಕ್ಕೆ ಇಳಿಯಬೇಕಾಗಿದ್ದ ತಂತಿಯನ್ನು ಕಿಟಕಿಯ ಸರಳಿಗೆ ಸುತ್ತಿ ಹೋಗಿದ್ದರು. ರಿಚ್‌ಮನ್ ಸತ್ತು ಇನ್ನೂರ ಎಪ್ಪತ್ತು ವರ್ಷವಾದರೂ ಅದೇ ಅರೆಬರೆ ಕೆಲಸ!

ಸರಿಯಾದ ಕೆಲಸ ಹೇಗಿರಬೇಕೆಂದು ಆ ಹುಡುಗನಿಂದ ತಿಳಿದುಕೊಂಡೆ, ಆಮೇಲೆ ಓದಿಯೂ ನೋಡಿದೆ. ಮಿಂಚುಸರಳು ಡಬ್ಬಿಗಳಿಗಿಂತ ಎತ್ತರವಿರಬೇಕು. ಡಬ್ಬಿಗಳು ಅದರ ಕೆಳಗೆ, ಕೊಡೆಯ ಅಡಿಯಲ್ಲಿ ನಿಂತ ಮಕ್ಕಳಂತೆ ಇರಬೇಕು. ಅಲ್ಲಿಂದ ದಪ್ಪ ಪಟ್ಟಿ ಎಲ್ಲಿಯೂ ಮುರುಕಿಲ್ಲದೆ ನೇರ ಇಳಿಯಬೇಕು, ಏಕೆಂದರೆ ಮಿಂಚು ಮೊಣಕೈ ತಿರುವನ್ನು ಒಲ್ಲದು. ಕೆಳಗೆ ಇದ್ದಿಲು, ಉಪ್ಪು ತುಂಬಿದ ಗುಂಡಿ. ಅಲ್ಲಿ ಮಣ್ಣಿನ ತಡೆ ಹತ್ತು ಓಮ್ ಮೀರಬಾರದು. ಕೇಬಲ್ ಕೋಣೆಯೊಳಗೆ ಬರುವಲ್ಲಿ ಉಕ್ಕಿ ಬಂದ ವಿದ್ಯುತ್ತನ್ನು ನೆಲದತ್ತ ತಿರುಗಿಸುವ ಸರ್ಜ್ ಅರೆಸ್ಟರ್ ಇರಬೇಕು. ಟವರಿನದು, ಕರೆಂಟಿನದು, ಕಂಪ್ಯೂಟರಿನದು ಎಂದು ಬೇರೆಬೇರೆ ಅರ್ತಿಂಗ್ ಇದ್ದರೆ ಎಲ್ಲವನ್ನೂ ಒಂದಕ್ಕೊಂದು ಕೂಡಿಸಿರಬೇಕು, ಇಲ್ಲದಿದ್ದರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ನಮ್ಮ ಯಂತ್ರದ ಮೂಲಕವೇ ಹಾಯುತ್ತದೆ. ಇಷ್ಟು ಮಾಡಿದರೂ ನೇರ ಎರಗುವ ಸಿಡಿಲಿಗೆ ಪೂರ್ಣ ಭರವಸೆಯಿಲ್ಲ. ಸಾಮಾನ್ಯ ಮಿಂಚೊಂದರಲ್ಲಿ ಹರಿಯುವುದು ಸುಮಾರು ಮೂವತ್ತು ಸಾವಿರ ಆಂಪಿಯರ್!

ಡಬ್ಬಿ ಸುಟ್ಟರೆ ಇನ್ನೊಂದು ತಂದಾರು, ಇಷ್ಟೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಅದು ಸತ್ತ ಎಂಟು ದಿನ ನಮ್ಮ ಹೆಣ್ಣುಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳು ನಿಂತುಹೋದವು. ಅದಕ್ಕಿಂತ ದೊಡ್ಡ ಮಾತೊಂದಿದೆ. ಸಿಡಿಲು ಬರುವ ಮುನ್ಸೂಚನೆ ಹೇಳಲು ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ‘ಸಿಡಿಲು’ ಎಂಬ ಆ್ಯಪ್ ಹೊರತಂದಿತು, ಪುಣೆಯ ಹವಾಮಾನ ಸಂಸ್ಥೆ ‘ದಾಮಿನಿ’ಯನ್ನು ಕೊಟ್ಟಿತು. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳ ಫೋನಿಗೆ ‘ಮರದ ಕೆಳಗೆ ನಿಲ್ಲಬೇಡ, ಮನೆ ಸೇರು’ ಎಂಬ ಎಚ್ಚರಿಕೆ ಬರಬೇಕಾದದ್ದು ಟವರಿನಿಂದಲೇ. ಮೊದಲ ಗುಡುಗಿಗೇ ಟವರ್ ಮೂಗಾದರೆ ಅವಳಿಗೆ ಹೇಳುವವರು ಯಾರು?

ಟವರಿನ ತುದಿಗೆ ಹತ್ತುವುದು ನಮ್ಮ ಕೆಲಸವಲ್ಲ, ಅದರ ಬುಡಕ್ಕೆ ಕೈ ಹಾಕುವುದೂ ಅಲ್ಲ. ಆದರೆ ತಂತಿ ನೆಲ ಮುಟ್ಟಿದೆಯೇ ಎಂದು ನೋಡುವುದಕ್ಕೆ, ಮುಟ್ಟಿಲ್ಲದಿದ್ದರೆ ಸಂಬಂಧಪಟ್ಟವರನ್ನು ಬೆನ್ನು ಹತ್ತುವುದಕ್ಕೆ ಯಾವ ಡಿಗ್ರಿಯೂ ಬೇಡ. ನಮ್ಮ ಶಾಲೆಯಲ್ಲಿ ಈಗ ತಂತಿ ಗುಂಡಿಗೆ ಇಳಿದಿದೆ. ಬೇಸಿಗೆಯ ಬಿಸಿಲಿಗೆ ಮಣ್ಣು ಒಣಗಿದರೆ ದಾರಿ ಮುಚ್ಚಿದ ಹಾಗೆ. ಅದಕ್ಕೆ ಯುಗಾದಿ ಕಳೆದ ಮೇಲೆ, ಆಕಾಶ ತಿಳಿಯಾಗಿರುವ ದಿನ ನೋಡಿ, ಆ ಗುಂಡಿಗೆ ಎರಡು ಕೊಡ ನೀರು ಹಾಕಿಸುತ್ತೇವೆ. ತುಳಸಿಗೆ ನೀರೆರೆದ ಕೈಗಳಿಗೆ ಅದೇನು ಭಾರವೇ?