ಗುದ್ದಲಿ ಹಿಡಿದ ಇಂಜಿನಿಯರ್

ನಾನೂ ಇಂಜಿನಿಯರ್, ಆದ್ರೆ ಕೈಗೆ ಮಣ್ಣು ಮೆತ್ತಿಕೊಂಡಿದ್ದೇ ಇಲ್ಲ. ಅದಕ್ಕೇ ಇರಬೇಕು, ಸ್ವಿಟ್ಜರ್ಲೆಂಡಿನ ಪಿಯೇರ್ ಸೆರೆಸೋಲ್ (೧೮೭೯-೧೯೪೫) ನನ್ನನ್ನು ಕಾಡ್ತಾನೆ. ಅವನು ಓದಿದ್ದೂ ಇಂಜಿನಿಯರಿಂಗೇ. ಕ್ರಿಸ್ತನನ್ನು ನಂಬಿದವನು ಕೊಲ್ಲೋದಕ್ಕೆ ದುಡ್ಡು ಕೊಡಬಾರದು ಅಂತ ಸೇನಾ ತೆರಿಗೆ ಕಟ್ಟದೆ ಜೈಲಿಗೆ ಹೋದ.

ಬರೀ 'ಒಲ್ಲೆ' ಅಂದ್ರೆ ಸಾಕೇ? ೧೯೨೦ರಲ್ಲಿ, ಮೊದಲ ಮಹಾಯುದ್ಧದಲ್ಲಿ ನುಚ್ಚುನೂರಾಗಿದ್ದ ಫ್ರಾನ್ಸಿನ ವರ್ಡನ್ ಬಳಿಯ ಹಳ್ಳಿಯೊಂದಕ್ಕೆ ಸ್ವಯಂಸೇವಕರೊಂದಿಗೆ ಹೋದ. ಸೂರು ಕಟ್ಟಿದರು, ರಸ್ತೆ ಸರಿಮಾಡಿದರು. ಗುಂಪಿನಲ್ಲಿ ನಿನ್ನೆಯ ಶತ್ರುಗಳಾದ ಜರ್ಮನ್ನರೂ ಇದ್ದರು! ಅದೇ ತಕರಾರಾಗಿ ಕೆಲಸ ಕೆಲವೇ ತಿಂಗಳಲ್ಲಿ ನಿಂತಿತು. ಅವನು ನಿಲ್ಲಲಿಲ್ಲ. ೧೯೩೪ರ ಭೂಕಂಪದ ನಂತರ ನಮ್ಮ ಬಿಹಾರಕ್ಕೂ ಬಂದು, ಹಳ್ಳಿಗಳನ್ನು ಮತ್ತೆ ಕಟ್ಟಲು ದುಡಿದ.

ಅವನಿಗೆ ಪ್ರಾರ್ಥನೆ ಬೇರೆ, ಗುದ್ದಲಿ ಬೇರೆ ಆಗಿರಲಿಲ್ಲ. ಎಲ್ಲೋ ನೆರೆ ಬಂದಾಗ ಮೊಬೈಲಲ್ಲಿ ಐನೂರು ರೂಪಾಯಿ ಕಳಿಸಿ 'ಆಯ್ತಪ್ಪಾ' ಅಂದುಕೊಳ್ಳುವಾಗಲೆಲ್ಲ ಅವನು ನೆನಪಾಗ್ತಾನೆ. ನಿಮಗೂ ಹೀಗೆ ಅನ್ಸಿದೆಯಾ?