ಅಮೃತಾಪುರದ ರೂವಾರಿಗಳು

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕ್ರಿ.ಶ. 1196ರಲ್ಲಿ ಕಟ್ಟಿಸಿದ ದೇವಾಲಯವನ್ನು ನೋಡಬಂದವರು, ಅಲ್ಲಿಯ ಕಂಬಗಳ ನುಣುಪನ್ನೂ ಜನ್ನಕವಿಯು ರಚಿಸಿದ ಶಾಸನವನ್ನೂ ಕೊಂಡಾಡಿ ಹಿಂದಿರುಗುವರಲ್ಲದೆ, ಆ ಗುಡಿಯು ಶಿಲ್ಪಿಗಳ ಸಮುದಾಯವು ತನ್ನ ಕಿರಿಯರನ್ನು ತಿದ್ದಿ ಬೆಳೆಸಿದ ವಿದ್ಯಾಶಾಲೆಯೂ ಆಗಿತ್ತೆಂಬುದನ್ನು ನೆನೆಯುವವರು ವಿರಳ.

ತೆರೆದ ಮಂಟಪದ ಹೊರಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಫಲಕಗಳು ಅಪ್ರದಕ್ಷಿಣವಾಗಿಯೂ, ಉತ್ತರಕ್ಕೆ ಕೃಷ್ಣಕಥೆಯ 25 ಮತ್ತು ಭಾರತದ 45 ಫಲಕಗಳು ಪ್ರದಕ್ಷಿಣವಾಗಿಯೂ ಸಾಗುತ್ತವೆ. ಇಷ್ಟು ಕಥೆಯನ್ನು ಕ್ರಮ ತಪ್ಪದೆ ಕಲ್ಲಿಗಿಳಿಸುವುದು ಒಬ್ಬನ ಉಳಿಯಿಂದ ಆಗತಕ್ಕುದಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಬರಬರುತ್ತ ಗಡುಸಾಗುವ ಬಳಪದ ಕಲ್ಲಿನ ಮರ್ಮವನ್ನು ಬಲ್ಲ ಹಿರಿಯರ ಕಣ್ಣೆದುರಿನಲ್ಲಿ ಹಲವು ಕೈಗಳು ಒಂದಾಗಿ ದುಡಿದಿರಬೇಕು. ಮುಂದೆ ಹೊಯ್ಸಳ ರೂವಾರಿಗಳಲ್ಲಿ ಅಗ್ರಗಣ್ಯನೆನಿಸಿದ ಮಲ್ಲಿತಮ್ಮನ ಕಸುಬು ಮೊದಲಾದುದು ಈ ಮಂಟಪದ ಭುವನೇಶ್ವರಿಗಳಲ್ಲಿಯೇ, ಎಂದರೆ ಗುಮ್ಮಟದಂತೆ ಒಳಬಾಗಿದ ಮೇಲ್ಛಾವಣಿಗಳಲ್ಲಿಯೇ.

ಹೀಗೆ ಕಲಿತ ಶಿಲ್ಪಿಯ ಯೋಗ್ಯತಾಪತ್ರವು ಹಿಂದಿನ ಕಾಲದಲ್ಲಿ ಕಲ್ಲಿನ ಮೇಲೆಯೇ ಇರುತ್ತಿತ್ತು. 8ನೆಯ ಶತಮಾನದಲ್ಲಿ ಪಟ್ಟದಕಲ್ಲಿನ ಲೋಕೇಶ್ವರ ದೇವಾಲಯವನ್ನು ಕಟ್ಟಿದ ಗುಂಡನಿಗೆ ಚಾಲುಕ್ಯ ವಿಕ್ರಮಾದಿತ್ಯನು ‘ತ್ರಿಭುವನಾಚಾರಿ’ ಎಂಬ ಹೆಸರನ್ನಿತ್ತನು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮೊದಲಾದ ರೂವಾರಿಗಳು ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ಹೆಸರು, ಊರು, ತಂದೆ, ಬಿರುದುಗಳನ್ನು ಬರೆದಿಟ್ಟರು. ಈ ಬರಹಗಳು ಕೂಲಿಯ ಲೆಕ್ಕಕ್ಕಾಗಿ ಹುಟ್ಟಿದುವೆನ್ನುವವರುಂಟು. ಲೆಕ್ಕಕ್ಕಷ್ಟೇ ಆಗಿದ್ದ ಪಕ್ಷದಲ್ಲಿ, ಪ್ರತಿಸ್ಪರ್ಧಿಗಳಾದ ರೂವಾರಿಗಳನ್ನು ಗೆದ್ದವನೆಂಬ ಅಗ್ಗಳಿಕೆಗೆ ಅಲ್ಲಿ ಸ್ಥಾನವಿರುತ್ತಿರಲಿಲ್ಲವೆಂದು ನನ್ನ ಎಣಿಕೆ. ಬಿರುದನ್ನು ಅರಸನು ಕೊಡಬಹುದು. ಪಕ್ಕದ ಕಲ್ಲಿನ ಮುಂದೆ ಕುಳಿತ ಸಹವೃತ್ತಿಯವನು ಒಪ್ಪದಿದ್ದರೆ ಅದು ಬಾಳದು. ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ದಕ್ಷಿಣದ ವಿಗ್ರಹಗಳನ್ನು ನಂದಿಯ ಬೈಚೋಜನೂ ಉತ್ತರದವನ್ನು ಮಲ್ಲಿತಮ್ಮನೂ ಕಡೆದು, ಇಬ್ಬರ ಕೆಲಸವನ್ನೂ ಬಂದವರೆಲ್ಲ ತೂಗಿ ನೋಡುವಂತೆ ಒಂದೇ ಸೂರಿನಡಿ ಉಳಿಸಿದರು. ಆ ಮಲ್ಲಿತಮ್ಮನೇ ಸೋಮನಾಥಪುರದ ವಿಗ್ರಹಗಳ ಕೆಳಗೆ ಕೆಲವೆಡೆ ‘ಮಲ್ಲಿ’ ಎಂದೂ, ಕೆಲವೆಡೆ ಬರಿಯ ‘ಮ’ ಎಂದೂ ಬರೆದನು; ಊರು ಬಿರುದುಗಳ ಹಂಗಿಲ್ಲದೆ ಅದು ಯಾರ ಕೆಲಸವೆಂದು ಕಸುಬಿನವರಿಗೆ ತಿಳಿಯುತ್ತಿತ್ತು.

ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆಗಳಲ್ಲಿ ಚಿತ್ರಕಲೆಯನ್ನೂ ಕೈಕಸುಬನ್ನೂ ಕಲಿಸುವ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ವರುಷಕ್ಕೊಮ್ಮೆಯಾದರೂ ಅಮೃತಾಪುರಕ್ಕೆ ಕರೆತಂದು, ಮಲ್ಲಿತಮ್ಮನು ಹೊಸಬನಾಗಿದ್ದಾಗ ದುಡಿದ ಆ ಭುವನೇಶ್ವರಿಗಳನ್ನು ಮೊದಲು ತೋರಿಸಿ, ಆ ಬಳಿಕ ನುಗ್ಗೇಹಳ್ಳಿಯ ಉತ್ತರದ ಗೋಡೆಗೆ ಕರೆದೊಯ್ಯಬೇಕೆಂದು ನನ್ನ ಬಿನ್ನಹ.