ಹುಡುಗನನ್ನು ಬೆಳೆಸಿದವರ ಲೆಕ್ಕ

ಬೆಂಗಳೂರಿನಲ್ಲಿ ಫುಟ್‌ಬಾಲ್ ಹುಡುಗನನ್ನು ಬೆಳೆಸುವ ಖರ್ಚನ್ನು ಮೊದಲು ಹೊತ್ತದ್ದು ಕೇರಿ, ಆಮೇಲೆ ಕಾರ್ಖಾನೆ, ಈಗ ಹೆತ್ತವರು. ಓಕಳಿಪುರಂನಲ್ಲಿ ಹುಟ್ಟಿ, ಸಣ್ಣ ಕ್ಲಬ್ಬೊಂದರ ಕಾರ್ಯದರ್ಶಿಯಾಗಿ ಹುಡುಗರ ಅರ್ಜಿಗಳಿಗೆ ಸಹಿ ಹಾಕುತ್ತ ಬಂದವನು ನಾನು. ಮೊದಲನೆಯ ಕಾಲವನ್ನು ಅಪ್ಪನ ಬಾಯಲ್ಲಿ ಕೇಳಿದ್ದೇನೆ, ಉಳಿದೆರಡನ್ನು ಕಣ್ಣಾರೆ ಕಂಡಿದ್ದೇನೆ.

ಈ ಆಟ ಊರಿಗೆ ಬಂದದ್ದು ದಂಡಿನ ಬಿಳಿಯ ಸಿಪಾಯಿಗಳಿಂದ. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಹುಡುಗರು ಅದನ್ನು ನೋಡಿ ಕಲಿತು, ಬರಿಗಾಲಲ್ಲೇ ಆಡಿ ಮೀರಿಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು, 1938ರಲ್ಲಿ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10 ಗೋಲು ಹೊಡೆದ ದಿನ ಭಾರತದ ಒಂದು ಗೋಲು ಅಹ್ಮದ್ ಖಾನರದು. ಅವರೂ ಬೆಂಗಳೂರಿನವರೇ.

ಓಕಳಿಪುರಂ ಇದ್ದದ್ದು ಪೇಟೆಯ ಕಡೆ, ರೈಲ್ವೆ ಹಳಿಯ ಮಗ್ಗುಲಿಗೆ. ರೈಲ್ವೆ ಮತ್ತು ಮಿಲ್ಲು ಕೆಲಸಗಾರರ ಮನೆಗಳು. ದೊಡ್ಡ ಪಂದ್ಯ ನೋಡಬೇಕಾದರೆ ಅಪ್ಪ ಸಿಟಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕಂಟೋನ್ಮೆಂಟಿನಲ್ಲಿ ಇಳಿಯುತ್ತಿದ್ದರು. ಕೇರಿಗೆಲ್ಲ ಒಂದೇ ಚೆಂಡು, ತೊಗಲಿನದು. ಒಳಗಿನ ಬ್ಲಾಡರ್‌ಗೆ ಗಾಳಿ ತುಂಬಿ, ಬಾಯಿ ಕಟ್ಟಿ ಒಳಗೆ ಮಡಚಿ, ಮೇಲೆ ಲೇಸು ಬಿಗಿಯಬೇಕು. ಮಳೆಯಲ್ಲಿ ನೆನೆದರೆ ಕಲ್ಲಿನ ಭಾರ. ಲೇಸಿನ ಗಂಟು ತಗಲುವ ಹಾಗೆ ತಲೆ ಕೊಟ್ಟರೆ ಹಣೆ ಕಿತ್ತುಬರುತ್ತಿತ್ತು. ಬ್ಲಾಡರ್ ತೂತಾದರೆ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಲು ಮನೆಗೆ ಇಷ್ಟು ಕಾಸೆಂದು ಕೂಡಿಸುತ್ತಿದ್ದರು. ಆ ಕಾಲದ ತರಬೇತಿಯ ಬಂಡವಾಳ ಅಷ್ಟೇ.

ನನ್ನ ಕಾಲಕ್ಕೆ ಕಾರ್ಖಾನೆಗಳ ದರ್ಬಾರು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸೇನೆಯ ಎಂಇಜಿ, ಎಲ್ಲರಿಗೂ ತಂಡ. ನಮ್ಮಂಥ ಕ್ಲಬ್ಬುಗಳು ಊರಿನ ಲೀಗಿನ ಸಿ ಡಿವಿಷನ್‌ನಲ್ಲಿ ಹುಡುಗನನ್ನು ಹದ ಮಾಡುತ್ತಿದ್ದವು. ಗೆರೆಯಾಚೆ ನಿಂತು ನೋಡುತ್ತಿದ್ದ ಕಾರ್ಖಾನೆಯವರು, ‘ಹುಡುಗ ಎಷ್ಟು ಓದಿದಾನೆ?’ ಎಂದು ಕೇಳಿದರೆ ಅವನ ಮನೆಯ ಬದುಕೇ ಬದಲಾಯಿತು ಅಂತ ಅರ್ಥ. ಬೆಳಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ, ತಿಂಗಳಿಗೆ ಸಂಬಳ, ಕೊನೆಗೆ ಪಿಎಫ್. ಮೈಸೂರು ರಾಜ್ಯ 1967-68, 1968-69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ನೆಮ್ಮದಿಯ ಮೇಲೆ. ಬೆಳೆಸಿದ ಕ್ಲಬ್ಬಿಗೆ ದುಡ್ಡು ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಹುಡುಗನ ಒಲೆ ಉರಿದರೆ ಸಾಕಿತ್ತು.

ಆಮೇಲೆ ನೇಮಕಾತಿ ಕಡಿಮೆಯಾಯಿತು, ಕಾರ್ಖಾನೆಯ ತಂಡಗಳು ಸೊರಗಿದವು. ಆಗ ದೇಶದ ಮೇಲಿನ ಹಂತದ ಲೀಗಾಗಿದ್ದ ಐ-ಲೀಗ್‌ವರೆಗೆ ಏರಿದ ಎಚ್‌ಎಎಲ್ 2011-12ರಲ್ಲಿ ಕೊನೆಯ ಸ್ಥಾನಕ್ಕಿಳಿದು ಹೊರಬಿತ್ತು. ರಾಜ್ಯ ಮತ್ತೆ ಸಂತೋಷ್ ಟ್ರೋಫಿ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಅದು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ವಸತಿ ಅಕಾಡೆಮಿ ಕಟ್ಟಿತು, ಅಲ್ಲಿಗೆ ಆಯ್ಕೆಯಾದವನ ಭಾಗ್ಯ ದೊಡ್ಡದು. ಈಗ ಎಳೆಯರ ಲೀಗುಗಳೂ ಎರಡು ದಾರಿಯವು: ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಬ್ ಜೂನಿಯರ್, ಜೂನಿಯರ್, ಎಲೀಟ್ ಲೀಗುಗಳು ಒಂದು ಕಡೆ, 2022ರಲ್ಲಿ ಶುರುವಾದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಇನ್ನೊಂದು ಕಡೆ. ಮೊದಲ ವರ್ಷವೇ ಅದನ್ನು ಗೆದ್ದ ಬೆಂಗಳೂರು ಎಫ್‌ಸಿ ಹುಡುಗರು ಇಂಗ್ಲೆಂಡಿಗೆ ಆಡಲು ಹೋದರು. ನನಗೆ ಹೆಮ್ಮೆಯಿದೆ. ಆದರೆ ಆ ಬಾಗಿಲವರೆಗೆ ಮಗುವನ್ನು ಕರೆದೊಯ್ಯುವ ಖಾಸಗಿ ಅಕಾಡೆಮಿಗಳಿಗೆ ತಿಂಗಳ ಫೀಸು, ಕಿಟ್ಟು, ಟೂರ್ನಮೆಂಟಿನ ಪ್ರಯಾಣ ಎಲ್ಲವೂ ಮನೆಯವರ ಜೇಬಿನಿಂದ. ನಮ್ಮ ಬೀದಿಯ ಆಟೋ ಚಾಲಕನ ಮಗ ಎಷ್ಟೇ ಚೆನ್ನಾಗಿ ಆಡಿದರೂ ಆ ಫೀಸು ಕಟ್ಟಲಾರ. ಅವನಿಗೆ ಇವತ್ತಿಗೂ ಗತಿ ಸಣ್ಣ ಕ್ಲಬ್ಬೇ.

ಈ ಕ್ಲಬ್ಬುಗಳಿಗೆ ಒಂದು ಹಕ್ಕಿದೆ. ಆಟಗಾರನೊಬ್ಬ ಒಪ್ಪಂದದ ಅವಧಿಯಲ್ಲೇ ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದರೆ, ಫಿಫಾ ನಿಯಮದ ಪ್ರಕಾರ ಆ ಮೊತ್ತದ ಶೇ 5ರಷ್ಟು ಅವನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್ಬುಗಳಿಗೆ ಸೇರಬೇಕು. ಆ ಪಾಲಿನಲ್ಲಿ 12ರಿಂದ 15ರವರೆಗಿನ ಒಂದೊಂದು ವರ್ಷಕ್ಕೆ ಶೇ 5, 16ರಿಂದ ಮುಂದಿನ ಒಂದೊಂದು ವರ್ಷಕ್ಕೆ ಶೇ 10. ಒಂದು ಕೋಟಿಯ ವರ್ಗಾವಣೆಯಾದರೆ, ಹುಡುಗನ 13ನೇ ವರ್ಷವನ್ನು ನೋಡಿಕೊಂಡ ಕ್ಲಬ್ಬಿಗೆ 25 ಸಾವಿರ ರೂಪಾಯಿ. ನಮ್ಮ ಹುಡುಗರು ಹೊರದೇಶಕ್ಕೆ ಹೋಗುವುದು ಅಪರೂಪ, ನಿಜ. ಆದರೂ ಮೊದಲು ಚೆಂಡು ಕೊಟ್ಟವನಿಗೂ ಪಾಲುಂಟು ಎಂದು ಜಗತ್ತು ಬರಹದಲ್ಲಿ ಒಪ್ಪಿಕೊಂಡಿದೆ.

ಆ ಪಾಲು ಸಿಗಬೇಕಾದರೆ ದಾಖಲೆ ಬೇಕು. ಹಿಂದಿನವರು ಬೆಳೆಸಿದರು, ಬರೆದಿಡಲಿಲ್ಲ. ಆದ್ದರಿಂದ ಶ್ರೀರಾಮಪುರ, ಚಾಮರಾಜಪೇಟೆ, ಗೌತಮಪುರದ ಸಣ್ಣ ಕ್ಲಬ್ಬುಗಳ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು: ಹುಡುಗ, ಹುಡುಗಿ ಯಾರೇ ಇರಲಿ, ಹನ್ನೆರಡು ತುಂಬುವ ವರ್ಷವೇ ಜನನ ಪ್ರಮಾಣಪತ್ರದೊಂದಿಗೆ ಫೆಡರೇಷನ್ನಿನಲ್ಲಿ ಅವರ ಹೆಸರು ನೋಂದಾಯಿಸಿ, ಪ್ರತಿ ವರ್ಷ ನವೀಕರಿಸಿ, ಅದರ ಒಂದು ಪ್ರತಿಯನ್ನು ಕ್ಲಬ್ಬಿನಲ್ಲಿ ಜೋಪಾನವಾಗಿಡಿ.